ತುಟಿಗೂ ಮಾತಿಗೂ ತಾಳೆ ಇಲ್ಲ: ಫೈಲ್ ಕೆಟ್ಟಿದೆಯಾ?

ಹಳೇ ಟರ್ಕಿಶ್ ಸಿನಿಮಾದಲ್ಲಿ ತುಟಿಗೂ ಮಾತಿಗೂ ತಾಳೆ ಇಲ್ಲ, ಸಬ್‌ಟೈಟಲ್ ಕೂಡ ಹಿಂದೆ ಬೀಳ್ತಿದೆ ಅಂತ ಕೇಳಿದ್ದೀರಿ. ತುಟಿ ಕೂಡದಿರೋದು ಬಹುಶಃ ಮೂಲ ಸಿನಿಮಾದಲ್ಲೇ ಇರೋದು. ಸಬ್‌ಟೈಟಲ್ ಬರಬರ್ತಾ ಹಿಂದೆ ಬೀಳೋದಕ್ಕೆ ಕಾರಣ ಬೇರೆ, ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅನ್ನೋದು.

ಟರ್ಕಿಯ ಗಾಯಕ-ನಟ ಓರ್ಹಾನ್ ಗೆಂಜೆಬಾಯ್ ಅವರ ‘ಬಾತ್ಸಿನ್ ಬು ದುನ್ಯಾ’ (1975) ಕಾಲದ ಇಸ್ತಾಂಬುಲ್ ಚಿತ್ರಗಳಲ್ಲಿ ಸೆಟ್‌ನಲ್ಲಿ ದನಿ ಹಿಡೀತಿರಲಿಲ್ಲ. ಮಾತೆಲ್ಲ ಆಮೇಲೆ ಸ್ಟುಡಿಯೋದಲ್ಲಿ, ಎಷ್ಟೋ ಸಲ ಬೇರೆ ಕಲಾವಿದರ ಬಾಯಲ್ಲಿ. ಹಾಡು ಮಾತ್ರ ಗಾಯಕರದೇ. ಹಾಗಾಗಿ ಹಾಡು ಶುರುವಾದಾಗ ದನಿಯೇ ಬದಲಾದಂತೆ ಕೇಳಿಸಿದರೆ ಗಾಬರಿ ಬೇಡ.

ನಿಮ್ಮ ಫೈಲ್ ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಮೊದಲು ಬಾಗಿಲು ಬಡಿಯೋದು, ಕೆನ್ನೆಗೆ ಹೊಡೆಯೋದು ಇಂಥ ದೃಶ್ಯ ನೋಡಿ. ಸದ್ದು ಪ್ರತಿಸಲವೂ ಅಷ್ಟೇ ತಡವಾಗಿ ಬಂದರೆ ಫೈಲ್ ದೋಷ: ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ‘ಜೆ’ ಒತ್ತಿ ದನಿಯನ್ನು ಮುಂದಕ್ಕೆ ತನ್ನಿ, ಒಂದು ಒತ್ತಿಗೆ 50 ಮಿಲಿಸೆಕೆಂಡ್. ಮಾತು ಮಾತ್ರ ತಪ್ಪಿದರೆ ಹಾಗೇ ಬಿಡಿ, ಒಬ್ಬರ ತುಟಿಗೆ ಸರಿಮಾಡಿದರೆ ಇನ್ನೊಬ್ಬರದು ಕೆಡುತ್ತೆ.

ಇನ್ನು ಸಬ್‌ಟೈಟಲ್. ಟರ್ಕಿಯ ಟಿವಿ ಪ್ರತಿಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್. ಸಬ್‌ಟೈಟಲ್ 23.976ಕ್ಕೆ ಮಾಡಿದ್ದರೆ ಒಂದು ಗಂಟೆಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತೆ. ವಿಎಲ್‌ಸಿಯ ಕೋಡೆಕ್ ಮಾಹಿತಿಯಲ್ಲಿ ವಿಡಿಯೋ ಫ್ರೇಮ್ ರೇಟ್ ನೋಡಿ, 25 ಇದ್ದರೆ ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದ ‘ಚೇಂಜ್ ಫ್ರೇಮ್ ರೇಟ್’ನಲ್ಲಿ 23.976ರಿಂದ 25ಕ್ಕೆ ಬದಲಾಯಿಸಿ, ಬೇರೆ ಹೆಸರಲ್ಲಿ ಉಳಿಸಿ. ಆಮೇಲೂ ಮೊದಲ ಸಾಲೇ ತಡವಾದರೆ ವಿಎಲ್‌ಸಿಯಲ್ಲಿ ‘ಜಿ’, ಬೇಗ ಬಂದರೆ ‘ಎಚ್’ ಒತ್ತಿ. ಕೊನೆಯ ಹತ್ತು ನಿಮಿಷದ ಒಂದು ಮಾತಿನಲ್ಲಿ ಪರೀಕ್ಷಿಸಿ.