ಹಿತ್ತಲ ಕೋಳಿಗಳಿಗೆ ಎಂತಹ ಬೇಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಮನೆಯ ಹಿಂದೆ ಎರಡು ಗುಂಟೆಯಷ್ಟು ಹಿತ್ತಲಿದ್ದು, ಬಸಳೆ, ಹರಿವೆ, ಬದನೆ ಬೆಳೆಯುತ್ತೇವೆ. ಹನ್ನೊಂದು ನಾಟಿ ಹೇಂಟೆ, ಒಂದು ಹುಂಜ ಇವೆ. ಅವು ಮಡಿಗಳನ್ನು ಕೆದರುವುದಲ್ಲದೆ ಅಂಗಳದಲ್ಲಿ ಒಣಗಲು ಹರಡಿದ ಕಾಳುಮೆಣಸಿನ ಮೇಲೂ ಓಡಾಡುತ್ತವೆ. ಹಿತ್ತಲಿನ ಒಂದು ಭಾಗದಲ್ಲಿ ಕೂಡಿಡಲು ನೈಲಾನ್ ಬಲೆ ಸಾಕೇ, ಕಬ್ಬಿಣದ ಜಾಲರಿಯೇ ಬೇಕೇ? ಎಷ್ಟು ಎತ್ತರವಿರಬೇಕು?

ಉತ್ತರ: ಕೋಳಿ ಹೊರಗೆ ಹೋಗದಂತೆ ತಡೆಯುವ ಬೇಲಿ ಬೇರೆ, ನಾಯಿ ಮುಂಗುಸಿಗಳು ಒಳಗೆ ಬರದಂತೆ ತಡೆಯುವ ಬೇಲಿ ಬೇರೆ. ಮೊದಲನೆಯದಕ್ಕೆ ಹಗುರವಾದ ಜಾಲರಿ ಸಾಕು. ಎರಡನೆಯದಕ್ಕೆ ಅದರ ಹಲವು ಪಟ್ಟು ಖರ್ಚಾಗುತ್ತದೆ. ನಿಮ್ಮಲ್ಲಿ ಹಗಲು ಮನೆಯವರು ಓಡಾಡಿಕೊಂಡಿರುತ್ತಾರೆ ಎಂದಾದರೆ, ಹಿತ್ತಲಿನ ಬೇಲಿಯನ್ನು ಸಾಧಾರಣವಾಗಿಯೇ ಕಟ್ಟಿ, ಉಳಿದ ಹಣವನ್ನು ರಾತ್ರಿಯ ಗೂಡಿಗೆ ಹಾಕುವುದು ಲೇಸೆಂಬುದು ನನ್ನ ಅಭಿಪ್ರಾಯ. ಗೂಡಿನ ಕಿಟಕಿಗಳಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್‌ಮೆಶ್ (ತಂತಿಗಳನ್ನು ಬೆಸುಗೆ ಹಾಕಿ ಕೂಡಿಸಿದ ಚೌಕ ಕಣ್ಣಿನ ಜಾಲರಿ) ಹೊಡೆಸಿ, ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ಕತ್ತಲಾಗುವ ಮುನ್ನ ಬಾಗಿಲಿಗೆ ಚಿಲಕ ಹಾಕಿದರೆ ಕಾಡುಬೆಕ್ಕು, ಪುನುಗುಬೆಕ್ಕುಗಳ ಭಯ ಬಹುಪಾಲು ಕಳೆಯುತ್ತದೆ.

ಇನ್ನು ಜಾಲರಿಯ ವಿಚಾರ. ನೈಲಾನ್ ಬಲೆ ಅಗ್ಗವೇ ಸರಿ, ಆದರೆ ಬಿಸಿಲಿಗೆ ಗಟ್ಟಿತನ ಕಳೆದುಕೊಳ್ಳುತ್ತದೆ, ಇಲಿ ಹೆಗ್ಗಣಗಳು ಅದನ್ನು ಸುಲಭವಾಗಿ ಕತ್ತರಿಸುತ್ತವೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಇಲಿ ಹುಡುಕಿಕೊಂಡು ಬರುವ ಕೇರೆ ಹಾವುಗಳು ನೆಲಮಟ್ಟದ ಬಲೆಯಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಕೋಳಿಗಳ ಕಾಲೂ ಸಿಕ್ಕಿಕೊಳ್ಳುವುದುಂಟು. ಆದ್ದರಿಂದ ಬಲೆಯನ್ನು ಮೇಲ್ಭಾಗಕ್ಕೆ ಮಾತ್ರ ಬಳಸಿ. ಅಂಗಡಿಗಳಲ್ಲಿ ಚಿಕನ್ ಮೆಶ್ ಎಂದು ಕೊಡುವ ಆರು ಮೂಲೆಯ ಕಣ್ಣಿನ ಜಾಲರಿ (1844ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ ಬಟ್ಟೆ ನೇಯುವ ಯಂತ್ರವನ್ನು ನೋಡಿ ಇದನ್ನು ಹೆಣೆಯುವ ಯಂತ್ರ ಮಾಡಿದನಂತೆ) ಕೋಳಿಯನ್ನು ಒಳಗಿಡಲು ಧಾರಾಳವಾಗಿ ಸಾಕು. ಆದರೆ ಹಸಿದ ನಾಯಿ ಹಟ ಹಿಡಿದರೆ ಅದನ್ನು ಹರಿದುಹಾಕುತ್ತದೆ. ತಂತಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು ಎಂಬುದನ್ನು ಮರೆಯದಿರಿ: 22 ಗೇಜಿನದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ದಪ್ಪ, 20 ಗೇಜಿನದು 0.9 ಮಿಲಿಮೀಟರಿನಷ್ಟು. ನಿಮ್ಮ ಊರಿನ ಮಳೆಗೆ ಸತುವಿನ ಲೇಪವಿಲ್ಲದ ತಂತಿ ಬಹುಕಾಲ ಬಾಳದು. ಬೀದಿನಾಯಿಗಳ ಕಾಟವಿದ್ದರೆ ಹೊರಬದಿಗೆ ಚೈನ್‌ಲಿಂಕ್ (ದಪ್ಪ ತಂತಿಯನ್ನು ಒಂದಕ್ಕೊಂದು ಕೊಂಡಿಯಂತೆ ಹೆಣೆದ ಜಾಲರಿ) ಹಾಕಿ, ಅದರ ಕಣ್ಣು ದೊಡ್ಡದಾದ ಕಾರಣ ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ವೆಲ್ಡ್‌ಮೆಶ್ ಕಟ್ಟಬೇಕು. ಮರಿಗಳಿದ್ದಾಗಲಂತೂ ಈ ಕೆಳಪಟ್ಟಿ ಬೇಕೇ ಬೇಕು. ಎಳೆಮರಿಗಳು ಒಂದು ಇಂಚಿನ ಕಣ್ಣಿನಲ್ಲಿ ನುಸುಳಿಬಿಡುತ್ತವೆ.

ಎತ್ತರದ ಪ್ರಶ್ನೆಗೆ ಉತ್ತರ ತಳಿಯನ್ನು ಅವಲಂಬಿಸಿದೆ. ಗಿರಿರಾಜದಂತಹ ಭಾರದ ಕೋಳಿಗೆ ನಾಲ್ಕು ಅಡಿ ಸಾಕಾದೀತು. ಮೈಹಗುರವಾದ ನಾಟಿ ಹೇಂಟೆ ಹಲಸಿನ ಮರವೇರಿ ಕೂರುವುದನ್ನು ನೀವೇ ಕಂಡಿರುತ್ತೀರಿ. ಅದಕ್ಕೆ ಆರು ಅಡಿಯಾದರೂ ಬೇಕು. ಕೋಳಿ ಸಾಮಾನ್ಯವಾಗಿ ಒಂದೇ ನೆಗೆತಕ್ಕೆ ಬೇಲಿ ದಾಟುವುದಿಲ್ಲ, ಮೊದಲು ಅದರ ತುದಿಯಲ್ಲಿ ಕೂತು ಆಮೇಲೆ ಆಚೆಗೆ ಧುಮುಕುತ್ತದೆ. ಆದ್ದರಿಂದ ಮೇಲಂಚಿಗೆ ಬಿದಿರು ಅಥವಾ ಪೈಪು ಅಡ್ಡ ಕಟ್ಟದೆ, ಕೊನೆಯ ಒಂದು ಅಡಿ ಜಾಲರಿಯನ್ನು ಸಡಿಲವಾಗಿಯೇ ಬಿಟ್ಟರೆ ಅವುಗಳಿಗೆ ಕಾಲೂರಲು ಜಾಗ ಸಿಗುವುದಿಲ್ಲ. ಆದರೂ ಹಾರುವ ಒಂದೆರಡು ತುಂಟ ಹೇಂಟೆಗಳಿಗೆ ಒಂದೇ ಪಕ್ಕದ ರೆಕ್ಕೆಯ ತುದಿಯ ಉದ್ದಗರಿಗಳನ್ನು ಕತ್ತರಿಸಬಹುದು. ಬುಡದಲ್ಲಿ ರಕ್ತವಿರುವ ಎಳೆಗರಿಗಳನ್ನು ಮುಟ್ಟಬಾರದು. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಕತ್ತರಿಸಬೇಕಾಗುತ್ತದೆ. ಹೀಗೆ ಕತ್ತರಿಸಿದ ಕೋಳಿ ನಾಯಿ ಬಂದಾಗಲೂ ಹಾರಿ ತಪ್ಪಿಸಿಕೊಳ್ಳಲಾರದು, ಹಾಗಾಗಿ ಎಲ್ಲ ಕೋಳಿಗಳಿಗೂ ಮಾಡಬೇಡಿ.

ಬೇಲಿ ಸೋಲುವುದು ಹೆಚ್ಚಾಗಿ ಬುಡದಲ್ಲಿ. ಜಾಲರಿಯ ಕೆಳಗಿನ ಒಂದು ಅಡಿಯನ್ನು ಹೊರಬದಿಗೆ ಮಡಚಿ, ನೆಲದ ಮೇಲೆ ಹಾಸಿ, ಮೇಲೆ ಮಣ್ಣು ಕಲ್ಲು ಹೇರಿಬಿಡಿ. ಮುಂಗುಸಿಯೂ ನಾಯಿಯೂ ಬೇಲಿಯ ಬುಡಕ್ಕೇ ಬಂದು ಕೆರೆಯುವುದರಿಂದ ಅವುಗಳ ಉಗುರಿಗೆ ಈ ಹಾಸು ಅಡ್ಡಬರುತ್ತದೆ. ಕಂಬಗಳನ್ನು ಎಂಟು ಅಡಿಗೊಂದರಂತೆ ನೆಡಿ; ಬಿದಿರಿನ ಬುಡ ಗೆದ್ದಲು ಮತ್ತು ತೇವಕ್ಕೆ ಬೇಗ ಲಡ್ಡಾಗುವುದರಿಂದ ಮೂಲೆಗಳಿಗಾದರೂ ಕಲ್ಲುಕಂಬವಿರಲಿ.

ನಿಮ್ಮ ಹನ್ನೆರಡು ಕೋಳಿಗಳಿಗೆ 20 ಅಡಿ ಅಗಲ, 30 ಅಡಿ ಉದ್ದದ ಜಾಗ ಕೊಟ್ಟರೆ ತಲಾ 50 ಚದರ ಅಡಿ ಸಿಗುತ್ತದೆ. ಮನೆಯ ಗೋಡೆ ಉದ್ದದ ಒಂದು ಬದಿಗೆ ಬಂದರೆ 70 ಅಡಿ ಜಾಲರಿ ಸಾಕು. ಇಷ್ಟು ಜಾಗದಲ್ಲೂ ಹುಲ್ಲು ಉಳಿಯುವುದು ಕಷ್ಟ. ನಡುವೆ ಒಂದು ಅಡ್ಡಬೇಲಿ ಹಾಕಿ, ಒಂದು ಭಾಗ ಚಿಗುರುವವರೆಗೆ ಇನ್ನೊಂದರಲ್ಲಿ ಬಿಡಬಹುದು. ಮಳೆಗಾಲದಲ್ಲಿ ಕೆಸರಾಗದಂತೆ ಇಳಿಜಾರಿನ ಮೇಲ್ಬದಿಯನ್ನೇ ಆರಿಸಿ, ತರಗೆಲೆ ಹಾಸಿ. ಕೆದರಲು ಅವುಗಳಿಗೂ ಏನಾದರೂ ಬೇಕಲ್ಲ. ಗೇಟು ಒಳಮುಖವಾಗಿ ತೆರೆಯುವಂತಿರಲಿ: ಕೈಯಲ್ಲಿ ಕಾಳಿನ ಬುಟ್ಟಿ ಹಿಡಿದು ಹೋಗುವಾಗ, ಬಾಗಿಲ ಬಳಿ ಗುಂಪುಗೂಡಿದ ಕೋಳಿಗಳನ್ನು ಗೇಟೇ ಹಿಂದಕ್ಕೆ ತಳ್ಳುತ್ತದೆ.