ಬ್ಲೂ ಕಾರ್ಡ್ ಅಂಕಿಅಂಶ: ಯಾರನ್ನು ಎಲ್ಲಿ ಎಣಿಸಲಾಗುತ್ತದೆ?

ಪ್ರಶ್ನೆ: ನನ್ನ ಮಗ ಜರ್ಮನಿಯಲ್ಲಿ ಎಂ.ಎಸ್. ಓದಿ, ಅಲ್ಲಿಯೇ ಕೆಲಸಕ್ಕೆ ಸೇರಿ, 2023ರಲ್ಲಿ ಬ್ಲೂ ಕಾರ್ಡ್ (ಐರೋಪ್ಯ ಒಕ್ಕೂಟದ ಹೊರಗಿನ ನುರಿತ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಪಡೆದ. ಅದೇ ವರ್ಷ ಮಗಳು ಸಾಫ್ಟ್‌ವೇರ್ ಕೆಲಸಕ್ಕೆಂದು ನೇರವಾಗಿ ನೆದರ್‌ಲೆಂಡ್ಸ್‌ಗೆ ಹೋದಳು. ಆ ವರ್ಷದ ಬ್ಲೂ ಕಾರ್ಡ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜರ್ಮನಿಯವೇ ಎಂದು ಓದಿದೆ. ಉಳಿದ ದೇಶಗಳು ನುರಿತ ಕೆಲಸಗಾರರನ್ನು ಕರೆಸಿಕೊಳ್ಳುತ್ತಿಲ್ಲವೇ? ಇಬ್ಬರು ಮಕ್ಕಳೂ ಈ ಲೆಕ್ಕದಲ್ಲಿದ್ದಾರೆಯೇ? ಕರ್ನಾಟಕದಿಂದ ಹೋದವರೆಷ್ಟು ಎಂದು ತಿಳಿಯಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ನೀವು ಓದಿದ ಅಂಕಿ ಸರಿಯಾಗಿದೆ. ಐರೋಪ್ಯ ಒಕ್ಕೂಟದ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟ್ಯಾಟ್ ಪ್ರಕಾರ 2023ರಲ್ಲಿ ಸುಮಾರು 89,000 ಬ್ಲೂ ಕಾರ್ಡ್‌ಗಳನ್ನು ನೀಡಲಾಯಿತು. ಅವುಗಳಲ್ಲಿ ಸುಮಾರು 69,000 ಜರ್ಮನಿಯವು. ಪಡೆದವರಲ್ಲಿ ಭಾರತೀಯರೇ ಮೊದಲಿಗರು, ಸುಮಾರು 21,000 ಮಂದಿ. ಆದರೆ ಇದು ಬ್ಲೂ ಕಾರ್ಡ್ ಎಂಬ ಒಂದೇ ಬಗೆಯ ಪರವಾನಗಿಯ ಲೆಕ್ಕ. ಯುರೋಪಿಗೆ ಹೋದ ನುರಿತ ಕೆಲಸಗಾರರೆಲ್ಲರ ಲೆಕ್ಕವೆಂದು ಇದನ್ನು ಓದುವುದು ತಪ್ಪು, ಮತ್ತು ಆ ತಪ್ಪು ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ನೆದರ್‌ಲೆಂಡ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಲೂ ಕಾರ್ಡ್‌ನ ಮೊದಲ ನಿರ್ದೇಶನ, ಅಂದರೆ ಸದಸ್ಯ ದೇಶಗಳು ತಮ್ಮ ಕಾನೂನಿನಲ್ಲಿ ಜಾರಿಗೆ ತರಬೇಕಾದ ಒಕ್ಕೂಟದ ನಿಯಮ, ಬಂದದ್ದು 2009ರಲ್ಲಿ. ಡಚ್ಚರು 2004ರಲ್ಲಿಯೇ ನುರಿತ ವಲಸಿಗರಿಗಾಗಿ ತಮ್ಮದೇ ಯೋಜನೆಯನ್ನು ಆರಂಭಿಸಿದ್ದರು. ಸರ್ಕಾರದ ಮಾನ್ಯತೆ ಪಡೆದ ಉದ್ಯೋಗದಾತರಿದ್ದು, ಸಂಬಳ ನಿಗದಿತ ಮಟ್ಟ ಮುಟ್ಟಿದರೆ, ಪದವಿ ಪ್ರಮಾಣಪತ್ರವನ್ನೂ ಕೇಳದ ಆ ದಾರಿಯನ್ನೇ ಅಲ್ಲಿನ ಕಂಪನಿಗಳು ಇಂದಿಗೂ ಹೆಚ್ಚಾಗಿ ಬಳಸುತ್ತವೆ. ನಿಮ್ಮ ಮಗಳು ಹೋದದ್ದು ಆ ದಾರಿಯಲ್ಲಾದರೆ ಅವರು ಬ್ಲೂ ಕಾರ್ಡ್ ಕೋಷ್ಟಕದಲ್ಲಿ ಇಲ್ಲ. ಉದ್ಯೋಗಕ್ಕಾಗಿ ನೀಡಿದ ಮೊದಲ ಪರವಾನಗಿಗಳ ಕೋಷ್ಟಕದಲ್ಲಿ, ಬ್ಲೂ ಕಾರ್ಡ್‌ನ ಪಕ್ಕದಲ್ಲಿಯೇ ಇರುವ ‘ಉನ್ನತ ಕೌಶಲದ ಕೆಲಸಗಾರರು’ ಎಂಬ ಬೇರೆ ಕಾಲಂನಲ್ಲಿದ್ದಾರೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಬ್ಲೂ ಕಾರ್ಡ್ ವ್ಯವಸ್ಥೆಗೆ ಸೇರಿಲ್ಲವಾದ್ದರಿಂದ ಅಲ್ಲಿಯೂ ಬೇರೆ ಕಾಲಂಗಳನ್ನೇ ನೋಡಬೇಕು.

ನಿಮ್ಮ ಮಗನ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಈ ಅಂಕಿಅಂಶಕ್ಕೆ ಆಧಾರವಾದ 2007ರ ನಿಯಮಾವಳಿಯಂತೆ ಸದಸ್ಯ ದೇಶಗಳು ವರ್ಷ ಮುಗಿದ 6 ತಿಂಗಳೊಳಗೆ ಮೂರು ಬಗೆಯ ಲೆಕ್ಕ ಒಪ್ಪಿಸಬೇಕು: ಮೊದಲ ಬಾರಿಗೆ ನೀಡಿದ ಪರವಾನಗಿಗಳು, ವಾಸದ ಕಾರಣ ಬದಲಾದಾಗ ನೀಡಿದವು, ಮತ್ತು ವರ್ಷದ ಕೊನೆಗೆ ಚಾಲ್ತಿಯಲ್ಲಿರುವವು. ಓದಲು ಹೋದ ವರ್ಷ ನಿಮ್ಮ ಮಗ ‘ಶಿಕ್ಷಣ’ದ ಕಾರಣಕ್ಕಾಗಿ ಮೊದಲ ಪರವಾನಗಿ ಪಡೆದವರ ಸಾಲಿಗೆ ಸೇರಿದರು. 2023ರಲ್ಲಿ ಕಾರ್ಡ್ ಕೈಗೆ ಬಂದಾಗ ಅದು ಅವರ ಮೊದಲ ಪರವಾನಗಿಯಾಗಿರಲಿಲ್ಲ, ಕಾರಣ ಬದಲಾದ ಪರವಾನಗಿಯಾಗಿತ್ತು. ಆದರೆ ಬ್ಲೂ ಕಾರ್ಡ್‌ಗೆಂದೇ ಇರುವ ಪ್ರತ್ಯೇಕ ಕೋಷ್ಟಕದಲ್ಲಿ ಆ ವರ್ಷ ನೀಡಿದ ಕಾರ್ಡ್‌ಗಳ ಸಾಲಿನಲ್ಲಿ ಅವರು ಇದ್ದಾರೆ. ಡಿಸೆಂಬರ್ 31ರ ಚಾಲ್ತಿ ಪರವಾನಗಿಗಳಲ್ಲಿಯೂ ಇದ್ದಾರೆ. ಒಬ್ಬರೇ ವ್ಯಕ್ತಿ ಇಷ್ಟು ಕಡೆ ಕಾಣಿಸಿಕೊಳ್ಳುವುದು ದೋಷವಲ್ಲ, ಏಕೆಂದರೆ ಪ್ರತಿ ಕೋಷ್ಟಕದ ಪ್ರಶ್ನೆಯೇ ಬೇರೆ. ಇವುಗಳನ್ನು ಒಟ್ಟಿಗೆ ಕೂಡಿಸಿದರೆ ಮಾತ್ರ ದೋಷವಾಗುತ್ತದೆ.

ಆದ್ದರಿಂದ 69,000 ಎಂಬುದು ಆ ವರ್ಷ ವಿಮಾನ ಇಳಿದವರ ಸಂಖ್ಯೆಯಲ್ಲ. ಆಗಲೇ ಜರ್ಮನಿಯಲ್ಲಿ ಓದುತ್ತಿದ್ದವರೂ, ಬೇರೆ ಪರವಾನಗಿಯಲ್ಲಿ ದುಡಿಯುತ್ತಿದ್ದವರೂ ಅದರಲ್ಲಿ ಸೇರಿದ್ದಾರೆ. ನಿಯಮ ಸಡಿಲವಾದಾಗಲೂ ಸಂಖ್ಯೆ ಬದಲಾಗಬಹುದು. 2021ರ ಹೊಸ ನಿರ್ದೇಶನವನ್ನು ಸದಸ್ಯ ದೇಶಗಳು 2023ರ ನವೆಂಬರ್ 18ರೊಳಗೆ ಜಾರಿಗೆ ತರಬೇಕಿತ್ತು. ಜರ್ಮನಿ ಆ ತಿಂಗಳು ಸಂಬಳದ ಮಿತಿಯನ್ನು ಇಳಿಸಿತು, ಅನುಭವವುಳ್ಳ ಐ.ಟಿ. ಪರಿಣತರಿಗೆ ಪದವಿಯಿಲ್ಲದೆಯೂ ಅವಕಾಶ ಕೊಟ್ಟಿತು. ಹಾಗಾಗಿ ಅದರ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಹೋಲಿಸುವವರು ಈ ಬದಲಾವಣೆಯನ್ನು ಹೇಳದೆ ಏರಿಕೆ ಇಳಿಕೆಯ ಮಾತಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕರ್ನಾಟಕದ ಪಾಲು ಎಷ್ಟೆಂದು ಈ ಕೋಷ್ಟಕಗಳಿಂದ ತಿಳಿಯದು. ಅವುಗಳಲ್ಲಿ ವಿಂಗಡಣೆ ಇರುವುದು ಪೌರತ್ವದ ಮೇಲೆ, ಹುಟ್ಟೂರಿನ ಮೇಲಲ್ಲ. ವಿದೇಶಕ್ಕೆ ದುಡಿಯಲು ಹೋಗುವವರ ವಲಸೆ ತಪಾಸಣೆಗೆಂದು ನಮ್ಮ ವಿದೇಶಾಂಗ ಸಚಿವಾಲಯ ನಡೆಸುವ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯೂ ಇಲ್ಲಿ ನೆರವಾಗುವುದಿಲ್ಲ: ವಲಸೆ ತಪಾಸಣೆ ಅನ್ವಯವಾಗುವುದು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ, ಹತ್ತನೆಯ ತರಗತಿ ಪಾಸಾಗದವರಂಥ ಕೆಲವು ವರ್ಗದ ಕೆಲಸಗಾರರಿಗೆ ಮಾತ್ರ. ನಿಮ್ಮ ಮಕ್ಕಳಂಥ ಪದವೀಧರರು ಹೊರಡುವಾಗ ಆ ತಪಾಸಣೆಗೆ ಒಳಪಡುವುದೇ ಇಲ್ಲ. ರಾಜ್ಯವಾರು ಸಂಖ್ಯೆ ಬೇಕಾದರೆ ಅದಕ್ಕೆಂದೇ ಮನೆಮನೆಯ ಸಮೀಕ್ಷೆ ನಡೆಯಬೇಕು. ಕೇರಳದಲ್ಲಿ 1998ರಿಂದ ಅಂಥ ವಲಸೆ ಸಮೀಕ್ಷೆಗಳು ನಡೆಯುತ್ತ ಬಂದಿವೆ. ನಮ್ಮಲ್ಲಿಯೂ ಅದು ಆಗಬೇಕು.