ಸಂಪಾದಕರ ಉತ್ತರ: ಪ್ರಸಂಗಪೀಠದ ಮಾತು, ಬೆಂಚಿನ ಮಾತು

ಮಾನ್ಯರೆ,

ಪ್ರಾಟೆಸ್ಟಂಟ್ ಕ್ರೈಸ್ತ ಪಂಗಡವಾದ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ (ಪಿಸಿಯುಎಸ್ಎ) ಸಮೀಕ್ಷೆಯ ಮೂಲಕ ತನ್ನ ಸದಸ್ಯರ ಅಭಿಪ್ರಾಯ ಸಂಗ್ರಹಿಸುವ ಬಗೆಯ ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ತಾವು ಎರಡು ಆಕ್ಷೇಪ ಎತ್ತಿದ್ದೀರಿ. ವಿಶ್ವಾಸದ ವಿಷಯವನ್ನು ಬಹುಮತಕ್ಕೆ ಬಿಡಬಹುದೇ ಎಂಬುದು ಒಂದು. ಲಕ್ಷಾಂತರ ಜನರಿರುವ ಸಭೆಯಲ್ಲಿ ಕೆಲವೇ ಸಾವಿರ ಮಂದಿಯನ್ನು ಕೇಳಿದರೆ ಸಾಕೇ ಎಂಬುದು ಇನ್ನೊಂದು.

ಎರಡನೆಯದಕ್ಕೆ ಉತ್ತರ ಸುಲಭ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಚೀಟಿ ಕಳುಹಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರಗಳ ಬಲದಿಂದ ಅಧ್ಯಕ್ಷ ರೂಸ್‌ವೆಲ್ಟರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು; ಆದರೆ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಅವರನ್ನು ಹೇಗೆ ಆರಿಸಿದರು, ಅವರಲ್ಲಿ ಯಾರು ಉತ್ತರಿಸಿದರು ಎಂಬುದೇ ಮುಖ್ಯ. (ನಮ್ಮ ಕಚೇರಿಗೆ ಬರುವ ಅಂಚೆಯೂ ಹೀಗೆಯೇ: ಸಿಟ್ಟಾದವರು ಬರೆಯುತ್ತಾರೆ, ಒಪ್ಪಿದವರು ಸುಮ್ಮನಿರುತ್ತಾರೆ.)

ಮೊದಲನೆಯ ಆಕ್ಷೇಪಕ್ಕೆ ತುಸು ವಿವರ ಬೇಕು. 1973ರಲ್ಲಿ ಆರಂಭವಾದ 'ಪ್ರೆಸ್ಬಿಟೇರಿಯನ್ ಪ್ಯಾನಲ್' ಸಮೀಕ್ಷೆ ಸಾಮಾನ್ಯ ಸದಸ್ಯರು, ಸಭಾಹಿರಿಯರು (ಸದಸ್ಯರೇ ತಮ್ಮೊಳಗಿಂದ ಚುನಾಯಿಸುವ ಮುಖಂಡರು) ಮತ್ತು ಸಭಾಪಾಲಕರನ್ನು (ಪಾದ್ರಿಗಳನ್ನು) ಪ್ರತ್ಯೇಕವಾಗಿ ಆರಿಸಿಕೊಂಡು ಅವರ ಉತ್ತರಗಳನ್ನು ಬೇರೆ ಬೇರೆಯಾಗಿಯೇ ಮುಂದಿಡುತ್ತ ಬಂದಿದೆ. 'ಯೇಸು ಕ್ರಿಸ್ತನ ಅನುಯಾಯಿಗಳಿಗೆ ಮಾತ್ರ ರಕ್ಷಣೆಯುಂಟು' ಎಂಬಂಥ ಹೇಳಿಕೆಯನ್ನು ಕೊಟ್ಟು, ಪೂರ್ಣ ಒಪ್ಪಿಗೆಯಿಂದ ಪೂರ್ಣ ಅಸಮ್ಮತಿಯವರೆಗಿನ ಮೆಟ್ಟಿಲುಗಳಲ್ಲಿ ತಾವೆಲ್ಲಿ ನಿಲ್ಲುತ್ತೀರೆಂದು ಅದು ಕೇಳುತ್ತದೆ. ಬಂದ ಉತ್ತರದಿಂದ ಆ ಸಭೆಯ ವಿಶ್ವಾಸಪ್ರಮಾಣಗಳ ಅಥವಾ ನಿಯಮಗಳ ಒಂದಕ್ಷರವೂ ಬದಲಾಗುವುದಿಲ್ಲ. ಬದಲಾವಣೆಯ ದಾರಿಯೇ ಬೇರೆ: ವಿವಾಹದ ವ್ಯಾಖ್ಯೆಯನ್ನು 'ಇಬ್ಬರು ವ್ಯಕ್ತಿಗಳ' ನಡುವಿನದೆಂದು ತಿದ್ದುವ ಪ್ರಸ್ತಾವವನ್ನು 2014ರ ಜನರಲ್ ಅಸೆಂಬ್ಲಿ (ಇಡೀ ಪಂಗಡದ ಮಹಾಸಭೆ) ಅಂಗೀಕರಿಸಿದ ಮೇಲೂ, ಅದು ಜಾರಿಗೆ ಬರಲು ಬೇಕಾದ ಬಹುಪಾಲು ಪ್ರೆಸ್ಬಿಟರಿಗಳ (ಸ್ಥಳೀಯ ಸಭೆಗಳ ಪ್ರಾದೇಶಿಕ ಮಂಡಳಿಗಳ) ಒಪ್ಪಿಗೆ ದೊರೆತದ್ದು 2015ರ ಮಾರ್ಚ್‌ನಲ್ಲಿ. ಪ್ರೆಸ್ಬಿಟರಿಯಲ್ಲಿ ಮತ ಹಾಕುವವರು ಸಭಾಪಾಲಕರು ಮತ್ತು ಸಭಾಹಿರಿಯರು. ಭಾನುವಾರ ಬಂದು ಬೆಂಚಿನಲ್ಲಿ ಕೂರುವ ಸದಸ್ಯನಿಗೆ ಅಲ್ಲಿ ಮತವಿಲ್ಲ. ಸಾಮಾಜಿಕ ಪ್ರಶ್ನೆಗಳಲ್ಲಿ ಸಭಾಪಾಲಕರು ಸದಸ್ಯರಿಗಿಂತ ಹೆಚ್ಚು ಉದಾರವಾದಿಗಳು ಎಂಬುದನ್ನು ಈ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿರುವಾಗ, ಸಭೆಯ ಹೆಸರಿನಲ್ಲಿ ಮಾತನಾಡುವವರಿಗೂ ಕೇಳಿಸಿಕೊಳ್ಳುವವರಿಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅಳೆಯದೆ ಬಿಡುವುದೇ ಹೆಚ್ಚು ಅಪಾಯಕಾರಿ ಎಂದು ನನಗನಿಸುತ್ತದೆ.

ತಾವು ಎತ್ತದಿದ್ದ, ಆದರೆ ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ಭಾಗಗಳ ಪ್ರೆಸ್ಬಿಟೇರಿಯನ್ ಸಭೆಗಳು 1983ರಲ್ಲಿ ಒಂದಾದಾಗ ಸುಮಾರು 31 ಲಕ್ಷವಿದ್ದ ಸದಸ್ಯಬಲ 2023ರ ಕೊನೆಗೆ ಸುಮಾರು 11 ಲಕ್ಷಕ್ಕೆ ಇಳಿದಿದೆ. ಇದಕ್ಕೆ ವೃದ್ಧಾಪ್ಯ, ಮರಣಗಳೂ ಕಾರಣ. ಆದರೆ ಇಂಥ ತಿದ್ದುಪಡಿಗಳನ್ನು ಒಪ್ಪದ ಹಲವು ಸಂಪ್ರದಾಯನಿಷ್ಠ ಸ್ಥಳೀಯ ಸಭೆಗಳು ಇಡಿಯಾಗಿ ಹೊರನಡೆದು ಬೇರೆ ಪ್ರೆಸ್ಬಿಟೇರಿಯನ್ ಒಕ್ಕೂಟಗಳನ್ನು ಸೇರಿದ್ದೂ ನಿಜ. ಸಮೀಕ್ಷೆ ಕೇಳುವುದು ಪಟ್ಟಿಯಲ್ಲಿ ಉಳಿದವರನ್ನು ಮಾತ್ರ. ಹೀಗಾಗಿ ಒಬ್ಬನೇ ಒಬ್ಬ ಸದಸ್ಯ ಮನಸ್ಸು ಬದಲಿಸದಿದ್ದರೂ ಸಭೆಯ ಸರಾಸರಿ ಅಭಿಪ್ರಾಯ ಉದಾರವಾದದತ್ತ ಸರಿದಂತೆ ಕಾಣಬಹುದು. ಎರಡು ದಶಕಗಳ ಶೇಕಡಾವಾರು ಅಂಕಿಗಳನ್ನು ಹೋಲಿಸುವವರು ಅವುಗಳ ಪಕ್ಕದಲ್ಲೇ ಆಯಾ ವರ್ಷದ ಸದಸ್ಯತ್ವದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಸಂಪಾದಕ